ಫಾರಂನ ಏಳನೇ ಕಾಲಂ

ಹೋದ ತಿಂಗಳು ನಾವು ನಾಲ್ಕೈದು ಜನ ಹಳೇ ಸ್ಟೂಡೆಂಟ್ಸ್ ಸೇರ್ಕೊಂಡು ನಮ್ಮ ಗೈಡ್ ಹೆಸರನ್ನ ಒಂದು ಪ್ರಶಸ್ತಿಗೆ ಕಳಿಸೋಣ ಅಂತ ಮಾತಾಡ್ಕೊಂಡ್ವಿ, ಫಾರಂ ತುಂಬೋ ಕೆಲಸ ನನ್ನ ಪಾಲಿಗೆ ಬಂತು, ನಾನೂ ಖುಷಿಯಿಂದಲೇ ಒಪ್ಕೊಂಡೆ. ಮೇಡಂ ಇಮ್ಯುನಾಲಜಿಯಲ್ಲಿ, ಅಂದ್ರೆ ದೇಹದ ರೋಗನಿರೋಧಕ ಶಕ್ತಿಯ ವಿಜ್ಞಾನದಲ್ಲಿ, ಮೂವತ್ತು ವರ್ಷದ ಮೇಲೆ ದುಡಿದೋರು. ವಯಸ್ಸಾಗ್ತಾ ಆಗ್ತಾ ಟಿ ಸೆಲ್‌ಗಳಿಗೆ (ಸೋಂಕಿನ ವಿರುದ್ಧ ಹೋರಾಡೋ ಒಂದು ಬಗೆಯ ಬಿಳಿ ರಕ್ತಕಣ) ಏನಾಗುತ್ತೆ, ಮುದಿ ಇಲಿಗೆ ಕೊಟ್ಟ ಲಸಿಕೆ ಯಾಕೆ ಎಳೇ ಇಲಿಯಷ್ಟು ಚೆನ್ನಾಗಿ ಹಿಡಿಯಲ್ಲ ಅನ್ನೋ ಒಂದೇ ಪ್ರಶ್ನೆ ಹಿಡ್ಕೊಂಡು ಅಷ್ಟೂ ವರ್ಷ ಕೂತಿದ್ರು. ಒಂದು ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ತೆಗೆದು ಕೂತೆ, ಮಧ್ಯಾಹ್ನದೊಳಗೆ ಮುಗಿಯುತ್ತೆ ಅಂದ್ಕೊಂಡಿದ್ದೆ. ಹೆಸರು, ಹುದ್ದೆ, ಎಷ್ಟು ಜನಕ್ಕೆ ಪಿಎಚ್‌ಡಿ ಮಾಡಿಸಿದ್ದಾರೆ, ಎಲ್ಲ ಸರಸರ ಆಯ್ತು. ನಾಲ್ಕನೇ ಕಾಲಂ ಒಟ್ಟು ಪೇಪರ್ ಎಷ್ಟು, ಐದನೇದು ಒಟ್ಟು ಸೈಟೇಷನ್, ಅಂದ್ರೆ ಆ ಪೇಪರ್‌ಗಳನ್ನ ಬೇರೆ ಪೇಪರ್‌ಗಳಲ್ಲಿ ಉಲ್ಲೇಖಿಸಿದ್ದು, ಎಷ್ಟು, ಆರನೇದು ಇಂಪ್ಯಾಕ್ಟ್ ಫ್ಯಾಕ್ಟರ್, ಏಳನೇದು ಎಚ್-ಇಂಡೆಕ್ಸ್. ಸಂಶೋಧನಾ ಪೇಪರ್ ಹುಡುಕೋ ಗೂಗಲ್ ಸ್ಕಾಲರ್‌ನಲ್ಲಿ ಅವರ ಪ್ರೊಫೈಲ್ ತೆಗೆದೆ, ಬಲಗಡೆ ಇರೋ ಪುಟ್ಟ ಟೇಬಲ್‌ನಲ್ಲಿ 24 ಅಂತಿತ್ತು, ನಾನೂ ಏಳನೇ ಕಾಲಂನಲ್ಲಿ 24 ಅಂತ ಹೊಡೆದೆ. ಅಲ್ಲಿಗೆ ಕೈ ನಿಂತೋಯ್ತು.

24 ಕಮ್ಮಿ ಅಂತಲ್ಲ, ಜಾಸ್ತಿ ಅಂತಲೂ ಅಲ್ಲ. ಫಾರಂ ನೋಡೋ ಕಮಿಟಿಯೋರು ಇನ್ನೂರು ಅರ್ಜಿ ಮುಂದೆ ಇಟ್ಕೊಂಡು ಕೂತಾಗ ಮೊದಲು ಕಣ್ಣು ಹೋಗೋದು ಈ ಕಾಲಂ ಮೇಲೇನೆ ಅಂತ ನನಗೆ ಗೊತ್ತು, ಯಾಕಂದ್ರೆ ಒಂದ್ಸಲ ಪೋಸ್ಟ್‌ಡಾಕ್ (ಪಿಎಚ್‌ಡಿ ಆದ ಮೇಲಿನ ಸಂಶೋಧನಾ ಹುದ್ದೆ) ಅರ್ಜಿಗಳನ್ನ ಸೋಸೋ ಕೆಲಸ ನನಗೂ ಕೊಟ್ಟಿದ್ರು, ನಾನೂ ಎಕ್ಸೆಲ್‌ನಲ್ಲಿ ಎಚ್-ಇಂಡೆಕ್ಸ್ ಪ್ರಕಾರ ಸಾರ್ಟ್ ಮಾಡಿ ಮೇಲಿನ ಇಪ್ಪತ್ತು ಜನರ ಪೇಪರ್ ಮಾತ್ರ ಓದಿದ್ದೆ. ಕೆಳಗಿದ್ದೋರ ಒಂದು ಪೇಪರನ್ನೂ ತೆಗೆದು ನೋಡ್ಲಿಲ್ಲ. ಆವತ್ತು ಅದು ತಪ್ಪು ಅಂತ ಅನ್ನಿಸಿರ್ಲೂ ಇಲ್ಲ. ಈಗ ನನ್ನ ಮೇಡಂ ಹೆಸರು ಅದೇ ಥರದ ಒಂದು ಪಟ್ಟಿಯಲ್ಲಿ ಎಲ್ಲೋ ಮಧ್ಯದಲ್ಲಿ ನಿಲ್ಲುತ್ತೆ ಅಂತ ನೆನೆದಾಗ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಯ್ತು.

ಆ ಸಂಖ್ಯೆ ಹುಟ್ಟಿದ್ದು

ಗೊತ್ತಿಲ್ದೇ ಇರೋರಿಗೆ ಎರಡು ಮಾತು. ಎಚ್-ಇಂಡೆಕ್ಸ್ 24 ಅಂದ್ರೆ ನಿಮ್ಮ ಪೇಪರ್‌ಗಳಲ್ಲಿ 24 ಪೇಪರನ್ನ ಬೇರೆ ಪೇಪರ್‌ಗಳಲ್ಲಿ ತಲಾ ಕಮ್ಮಿ ಅಂದ್ರೂ 24 ಸಲ ಉಲ್ಲೇಖಿಸಿದ್ದಾರೆ ಅಂತ. 2005ರಲ್ಲಿ ಹೋರ್ಹೆ ಹಿರ್ಷ್ ಅನ್ನೋ ಭೌತವಿಜ್ಞಾನಿ ಇದನ್ನ ಸೂಚಿಸಿದ್ರು, ಅವರ ತಲೆಯಲ್ಲಿದ್ದಿದ್ದು ಭೌತವಿಜ್ಞಾನಿಗಳ ಸಾಧನೆ ಅಳೆಯೋದು. ಇಂಪ್ಯಾಕ್ಟ್ ಫ್ಯಾಕ್ಟರ್ ಇನ್ನೂ ಹಳೇದು, ಯೂಜೀನ್ ಗಾರ್ಫೀಲ್ಡ್ ಅವರದ್ದು. ಒಂದು ಜರ್ನಲ್‌ನಲ್ಲಿ ಹಿಂದಿನ ಎರಡು ವರ್ಷ ಬಂದ ಪೇಪರ್‌ಗಳಿಗೆ ಈ ವರ್ಷ ಸರಾಸರಿ ಎಷ್ಟು ಸೈಟೇಷನ್ ಬಿತ್ತು ಅನ್ನೋ ಲೆಕ್ಕ, ತಮ್ಮ ಸೈಟೇಷನ್ ಇಂಡೆಕ್ಸ್‌ಗೆ ಯಾವ ಜರ್ನಲ್ ಸೇರಿಸ್ಬೇಕು ಯಾವುದು ಬಿಡ್ಬೇಕು ಅಂತ ನಿರ್ಧರಿಸೋಕೆ ಮಾಡ್ಕೊಂಡಿದ್ದು. ಅಂದ್ರೆ ಅದು ಜರ್ನಲ್ ಬಗ್ಗೆ ಹೇಳುತ್ತೆ, ಒಳಗಿರೋ ನಿಮ್ಮ ಪೇಪರ್ ಬಗ್ಗೆ ಏನೂ ಹೇಳಲ್ಲ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ್ದ ವಿಜ್ಞಾನಿಗಳು, ಸಂಪಾದಕರು ಡೋರಾ ಅಂತ ಒಂದು ಘೋಷಣೆ ತಯಾರು ಮಾಡಿ ಇದನ್ನೇ ಸ್ಪಷ್ಟವಾಗಿ ಹೇಳಿದ್ರು, ಒಬ್ಬ ವ್ಯಕ್ತಿಯನ್ನ ಅಳೆಯೋಕೆ ಜರ್ನಲ್ಲಿನ ಸಂಖ್ಯೆ ಬಳಸ್ಬೇಡಿ ಅಂತ. ಆದ್ರೂ ಆರನೇ ಕಾಲಂ ನನ್ನ ಮುಂದೆ ಇದ್ದೇ ಇದೆ.

ಇನ್ನೊಂದು ವಿಷಯ ಇಲ್ಲೇ ಹೇಳ್ಬಿಡ್ತೀನಿ. ಇಮ್ಯುನಾಲಜಿಯಲ್ಲಿ ಒಂದು ಸಾಮಾನ್ಯ ಪೇಪರಿನ ಕೊನೆಯಲ್ಲಿ ಐವತ್ತು ಅರವತ್ತು ರೆಫರೆನ್ಸ್ ಇರುತ್ತೆ, ಗಣಿತದ ಪೇಪರ್‌ನಲ್ಲಿ ಅಷ್ಟಿರಲ್ಲ. ಹಾಗಾಗಿ ಒಬ್ಬ ಗಣಿತಜ್ಞನ 24ನೂ ಇಮ್ಯುನಾಲಜಿಸ್ಟಿನ 24ನೂ ಒಂದೇ ಅಲ್ಲ, ಇದು ಎಲ್ಲರಿಗೂ ಗೊತ್ತು. ಆದ್ರೆ ಇಮ್ಯುನಾಲಜಿ ಒಳಗೇನೇ ಎಷ್ಟು ವ್ಯತ್ಯಾಸ ಇದೆ ಅನ್ನೋದನ್ನ ನಾವು ಅಷ್ಟಾಗಿ ಮಾತಾಡಲ್ಲ. ಕಲ್ಚರ್ ಪ್ಲೇಟ್‌ನಲ್ಲಿ ಸೆಲ್ ಬೆಳೆಸಿದ್ರೆ ಮೂರು ದಿನಕ್ಕೆ ರಿಸಲ್ಟ್ ಬರುತ್ತೆ. ಮುದಿ ಇಲಿ ಬೇಕು ಅಂದ್ರೆ ಇಲಿಗೆ ಒಂದೂವರೆ ವರ್ಷ, ಎರಡು ವರ್ಷ ವಯಸ್ಸಾಗೋವರೆಗೂ ಕಾಯ್ಲೇಬೇಕು, ಅಷ್ಟರಲ್ಲಿ ಕೆಲವು ಸಾಯ್ತವೆ, ಕೆಲವಕ್ಕೆ ಗೆಡ್ಡೆ ಬರುತ್ತೆ, ಗೆಡ್ಡೆ ಬಂದಿದ್ದನ್ನ ಲೆಕ್ಕದಿಂದ ಬಿಡ್ಬೇಕು. ಆ ಕಾಯೋ ಸಮಯ ಯಾವ ಕಾಲಂನಲ್ಲೂ ಇಲ್ಲ.

ಮೂವತ್ತೆಂಟು ವಾಕ್ಯ

ಮೇಡಂ ಪೇಪರ್‌ಗಳಲ್ಲಿ ಅತಿ ಹೆಚ್ಚು ಸೈಟೇಷನ್ ಬಂದಿರೋದು ಒಂದು ರಿವ್ಯೂಗೆ, ನಾನೂರರ ಮೇಲಿದೆ. ಒಬ್ಬ ಸಂಪಾದಕರು ಕೇಳಿದ್ರು ಅಂತ ಎರಡು ತಿಂಗಳಲ್ಲಿ ಬರೆದುಕೊಟ್ಟಿದ್ದು. ಒಳ್ಳೇ ರಿವ್ಯೂ, ಅದರ ಬಗ್ಗೆ ಎರಡು ಮಾತಿಲ್ಲ, ಆದ್ರೆ ಅದರಲ್ಲಿರೋದು ಬೇರೆಯೋರು ಕಂಡ್ಕೊಂಡ ಸಂಗತಿಗಳು. ಆರು ವರ್ಷ ಇಲಿ ಸಾಕಿ, ಮೂರು ಜನ ಸ್ಟೂಡೆಂಟ್ಸ್ ಒಬ್ಬರಾದ ಮೇಲೆ ಒಬ್ಬರು ಸೇರಿ ಮುಗಿಸಿದ ಪೇಪರ್ (ಎರಡನೆಯೋಳು ನಾನು) ಇದೆಯಲ್ಲ, ಅದರ ಮುಂದೆ 38 ಅಂತ ಇದೆ. ನಾನು ಆ 38ನ್ನ ನೋಡ್ತಾನೇ ಇದ್ದೆ. ಆಮೇಲೆ ಅದರ ಮೇಲೆ ಕ್ಲಿಕ್ ಮಾಡ್ದೆ. ಉಲ್ಲೇಖ ಮಾಡಿದ ಪೇಪರ್‌ಗಳೆಲ್ಲ ಸಾಲಾಗಿ ಬಂದ್ವು, ಒಂದೊಂದನ್ನೂ ತೆರೆದು, ನಮ್ಮ ಪೇಪರಿನ ನಂಬರ್ ಎಲ್ಲೆಲ್ಲಿ ಬರುತ್ತೆ ಅಂತ ಹುಡುಕಿ, ಆ ವಾಕ್ಯ ಓದೋಕೆ ಶುರು ಮಾಡ್ದೆ. ಇಷ್ಟು ವರ್ಷ ಈ ಕ್ಷೇತ್ರದಲ್ಲಿದ್ದೂ ಈ ಕೆಲಸ ಯಾವತ್ತೂ ಮಾಡಿರ್ಲಿಲ್ಲ. ಫಾರಂ ಪಕ್ಕದ ಟ್ಯಾಬ್‌ನಲ್ಲಿ ಹಾಗೇ ಉಳೀತು, ಸಂಜೆ ಆಯ್ತು, ಇನ್ನೂ ಓದ್ತಾನೇ ಇದ್ದೆ.

ಆರು ನಮ್ಮವೇ, ನಾವೇ ನಮ್ಮ ಹಳೇ ಕೆಲಸವನ್ನ ಉಲ್ಲೇಖಿಸಿದ್ದು, ಅದರಲ್ಲಿ ತಪ್ಪೇನೂ ಇಲ್ಲ, ಮುಂದುವರಿಸಿದ ಕೆಲಸ. ಇಪ್ಪತ್ತೆರಡರಲ್ಲಿ ನಮ್ಮ ಪೇಪರ್ ಪೀಠಿಕೆಯ ಮೊದಲ ಪ್ಯಾರಾದಲ್ಲಿ "ವಯಸ್ಸಾದಂತೆ ರೋಗನಿರೋಧಕ ಶಕ್ತಿ ಕುಗ್ಗುತ್ತದೆ" ಅನ್ನೋ ಅರ್ಥದ ಒಂದು ವಾಕ್ಯದ ಕೊನೆಯಲ್ಲಿ, ಇನ್ನೂ ಐದಾರು ಪೇಪರ್‌ಗಳ ಜೊತೆ ಬ್ರಾಕೆಟ್ಟಿನಲ್ಲಿ ನಿಂತಿತ್ತು. ಆ ವಾಕ್ಯ ಹೇಳೋಕೆ ಆರು ವರ್ಷ ಇಲಿ ಸಾಕ್ಬೇಕಿರ್ಲಿಲ್ಲ. ಟಿ ಸೆಲ್ ಬಲಿಯೋ ಥೈಮಸ್ ಅನ್ನೋ ಅಂಗ ವಯಸ್ಸಾದ ಹಾಗೆ ಕುಗ್ಗುತ್ತೆ, ಹೊಸ ಟಿ ಸೆಲ್ ಬರೋದು ಕಮ್ಮಿ ಆಗುತ್ತೆ ಅನ್ನೋದು ಪಠ್ಯಪುಸ್ತಕದಲ್ಲೇ ಇದೆ, ನಾವು ತೋರಿಸಿದ್ದು ಬೇರೆ, ಉಳಿದ ಹಳೇ ಸೆಲ್‌ಗಳು ಎರಡನೇ ಸಲ ಸೋಂಕು ಎದುರಾದಾಗ ಎಷ್ಟು ಹೊತ್ತಿಗೆ ಎಚ್ಚರಾಗ್ತವೆ ಅನ್ನೋದು. ಮೂರು ಪೇಪರ್ ನಾವು ಹೇಳಿದ್ದಕ್ಕೆ ಉಲ್ಟಾ ಬರೆದಿತ್ತು, ಮುದಿ ಇಲಿಯ ಸೆಲ್‌ಗಳು ಪ್ರತಿಕ್ರಿಯೆ ಕೊಡೋದೇ ಇಲ್ಲ ಅಂತ ನಾವು ತೋರಿಸಿದ್ವಂತೆ. ನಾವು ತೋರಿಸಿದ್ದು ತಡವಾಗಿ ಕೊಡ್ತವೆ ಅಂತ. ಮೂರರಲ್ಲೂ ಪದಗಳು ಹೆಚ್ಚು ಕಮ್ಮಿ ಒಂದೇ ಥರ ಇದ್ವು, ಒಬ್ಬರು ತಪ್ಪಾಗಿ ಬರೆದಿದ್ದನ್ನ ಉಳಿದಿಬ್ಬರು ನಮ್ಮ ಪೇಪರ್ ತೆರೆಯದೇ ಎತ್ಕೊಂಡಿರ್ಬೇಕು ಅಂತ ನನ್ನ ಊಹೆ. ಲೆಕ್ಕದಲ್ಲಿ ಆ ಮೂರೂ ಮೂರೇ.

ಆರು ಪೇಪರ್ ನಮ್ಮ ವಿಧಾನವನ್ನೋ ಫಲಿತಾಂಶವನ್ನೋ ನಿಜವಾಗಿ ಬಳಸ್ಕೊಂಡಿದ್ವು. ಇನ್ನು ಉಳಿದಿದ್ದು ಒಂದು. ಅದನ್ನ ತೆರೆದಾಗ ಕುರ್ಚಿಯಲ್ಲಿ ನೆಟ್ಟಗೆ ಕೂತ್ಕೊಂಡೆ. ಅವರು ನಮ್ಮ ಇಡೀ ಪ್ರಯೋಗವನ್ನ ಮೊದಲಿಂದ ಮತ್ತೆ ಮಾಡಿದ್ರು. ಅದೇ ವಯಸ್ಸಿನ ಇಲಿ, ಅದೇ ಅಂತರದಲ್ಲಿ ಎರಡನೇ ಸೋಂಕು, ಅದೇ ದಿನಗಳಲ್ಲಿ ಸ್ಪ್ಲೀನ್ (ಗುಲ್ಮ) ತೆಗೆದು ಸೆಲ್‌ಗಳ ಎಣಿಕೆ. ನಾವು ಹೆಣ್ಣಿಲಿಗಳನ್ನ ಮಾತ್ರ ಬಳಸಿದ್ವಿ, ಗಂಡಿಲಿಗಳನ್ನ ಒಂದೇ ಗೂಡಲ್ಲಿ ಇಟ್ರೆ ಕಚ್ಚಾಡ್ತವೆ, ಎರಡು ವರ್ಷ ಇಟ್ಕೊಳ್ಳೋದು ಕಷ್ಟ ಅಂತ. ಅವರು ಎರಡನ್ನೂ ಬಳಸಿದ್ರು. ಹೆಣ್ಣಿಲಿಗಳಲ್ಲಿ ನಮ್ಮ ಫಲಿತಾಂಶವೇ ಬಂದಿತ್ತು, ಗಂಡಿಲಿಗಳಲ್ಲಿ ಆ ತಡ ಕಾಣಿಸ್ಲಿಲ್ಲ. ಚರ್ಚೆಯ ಭಾಗದಲ್ಲಿ ಎರಡು ಪ್ಯಾರಾ ಪೂರ್ತಿ ನಮ್ಮ ಪೇಪರ್ ಮೇಲೇ ಇತ್ತು, ನಮ್ಮ ನಾಲ್ಕನೇ ಚಿತ್ರವನ್ನ ಹೆಸರು ಹಿಡಿದು ಪ್ರಶ್ನೆ ಮಾಡಿದ್ರು. ಯಾರೋ ಗುರುತಿಲ್ಲದೋರು ನಮ್ಮ ಕೆಲಸದ ಮೇಲೆ ತಮ್ಮ ಬದುಕಿನ ಎರಡು ಮೂರು ವರ್ಷ ಖರ್ಚು ಮಾಡಿದ್ದಾರೆ, ಅಷ್ಟು ನಂಬಿದ್ದಾರೆ, ಅಷ್ಟು ಅನುಮಾನಾನೂ ಪಟ್ಟಿದ್ದಾರೆ. ನನಗೆ ಕಣ್ಣು ತುಂಬಿ ಬಂತು. ಅದೂ ಲೆಕ್ಕದಲ್ಲಿ ಒಂದೇ.

ಹಳೇ ಪೇಪರ್‌ಗಳ ಕಥೆ

ಆವತ್ತಿಂದ ಇದೇ ತಲೆಯಲ್ಲಿ ಕೊರೀತಾ ಇದೆ. ನಮ್ಮ ಕ್ಷೇತ್ರದಲ್ಲಿ ಎಲ್ಲರೂ ಕ್ಲಾಸಲ್ಲಿ ಹೇಳೋ ಕಥೆಗಳನ್ನೇ ಈಗ ಬೇರೆ ಕಣ್ಣಲ್ಲಿ ನೋಡ್ತಾ ಇದೀನಿ. ಬ್ರೂಸ್ ಗ್ಲಿಕ್ ಅಂತ ಒಬ್ಬ ಹುಡುಗ, ಓಹಾಯೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ಸಂಶೋಧನಾ ವಿದ್ಯಾರ್ಥಿ, ಕೋಳಿಗಳ ಹಿಂಭಾಗದಲ್ಲಿ ಇರೋ ಬರ್ಸಾ ಅನ್ನೋ ಪುಟ್ಟ ಅಂಗ ಯಾತಕ್ಕೆ ಇದೆ ಅಂತ ತಿಳ್ಕೊಳ್ಳೋಕೆ ಅದನ್ನ ಕತ್ತರಿಸಿ ತೆಗೀತಾ ಇದ್ದ. ಏನೂ ಗೊತ್ತಾಗ್ಲಿಲ್ಲ. ಟಿಮೋಥಿ ಚಾಂಗ್ ಅನ್ನೋ ಜೊತೆಗಾರ ಕ್ಲಾಸಿಗೆ ಆಂಟಿಬಾಡಿ (ರೋಗಾಣುವಿಗೆ ಅಂಟ್ಕೊಳ್ಳೋ ಪ್ರೋಟೀನ್) ಹೇಗೆ ಬರುತ್ತೆ ಅಂತ ತೋರಿಸ್ಬೇಕು, ಕೋಳಿ ಇದ್ರೆ ಕೊಡು ಅಂತ ಉಳಿದ ಕೋಳಿಗಳನ್ನ ತಗೊಂಡ್ಹೋಗಿ ಸಾಲ್ಮೊನೆಲ್ಲಾ ಚುಚ್ಚಿದ್ರೆ ಕೆಲವು ಕೋಳಿಗಳಲ್ಲಿ ಆಂಟಿಬಾಡಿಯೇ ಬರ್ಲಿಲ್ಲ. ನೋಡಿದ್ರೆ ಅವು ಬರ್ಸಾ ತೆಗೆದಿದ್ದ ಕೋಳಿಗಳು. 'ಸೈನ್ಸ್' ಪತ್ರಿಕೆ ಆ ಪೇಪರನ್ನ ವಾಪಸ್ ಕಳಿಸ್ತು. ಕೊನೆಗೆ 1956ರಲ್ಲಿ 'ಪೌಲ್ಟ್ರಿ ಸೈನ್ಸ್'ನಲ್ಲಿ ಬಂತು, ಕೋಳಿ ಸಾಕಣೆಯ ಜರ್ನಲ್, ಇಮ್ಯುನಾಲಜಿಯೋರು ಓದೋ ಜಾಗ ಅಲ್ಲ. ಆಂಟಿಬಾಡಿ ತಯಾರಿಸೋ ಸೆಲ್‌ಗಳನ್ನ ಬಿ ಸೆಲ್ ಅಂತ ಈಗ ಕರೀತೀವಲ್ಲ, ಆ 'ಬಿ' ಬಂದಿದ್ದು ಬರ್ಸಾದಿಂದ. ಇವತ್ತು ಬಿ ಸೆಲ್ ಅಂತ ಬರೆಯೋ ಹೆಚ್ಚಿನೋರು ಗ್ಲಿಕ್ ಪೇಪರನ್ನ ರೆಫರೆನ್ಸ್‌ಗೆ ಹಾಕಲ್ಲ, ಹಾಕ್ಬೇಕಾಗೂ ಇಲ್ಲ, ಅಷ್ಟು ಒಳಗೆ ಇಳಿದುಬಿಟ್ಟಿದೆ. ಪೂರ್ತಿ ಗೆದ್ದ ಪೇಪರಿಗೆ ಸೈಟೇಷನ್ ನಿಂತುಹೋಗುತ್ತೆ.

ಟಿಮ್ ಮೋಸ್ಮನ್ ಅವರದ್ದು ಇನ್ನೊಂದು ಥರ. ಸಹಾಯಕ ಟಿ ಸೆಲ್‌ಗಳಲ್ಲಿ ಎರಡು ಬಗೆ ಇವೆ ಅಂತ 1986ರಲ್ಲಿ ರಾಬರ್ಟ್ ಕಾಫ್‌ಮನ್ ಮೊದಲಾದೋರ ಜೊತೆ ತೋರಿಸಿದ್ರು, ಆಮೇಲೆ ಎಷ್ಟೋ ವರ್ಷ ಇಡೀ ಇಮ್ಯುನಾಲಜಿ ಯೋಚಿಸಿದ್ದೇ ಆ ಚೌಕಟ್ಟಿನಲ್ಲಿ. ಆದ್ರೆ ಅದಕ್ಕೂ ಮುಂಚೆ, 1983ರಲ್ಲಿ, ಒಬ್ಬರೇ ಬರೆದ ಒಂದು ವಿಧಾನದ ಪೇಪರ್ ಇದೆ, ಬದುಕಿರೋ ಸೆಲ್ ಇದ್ರೆ ಹಳದಿ ಬಣ್ಣ ನೇರಳೆಗೆ ತಿರುಗುತ್ತೆ ಅನ್ನೋ ಎಂಟಿಟಿ ಪರೀಕ್ಷೆ. ಅದಕ್ಕೆ ಹತ್ತಾರು ಸಾವಿರ ಸೈಟೇಷನ್. ಆ ಪ್ಲೇಟ್ ಇಡದೇ ಇರೋ ಜೀವವಿಜ್ಞಾನದ ಲ್ಯಾಬ್ ಸಿಗೋದು ಕಷ್ಟ, ಅದನ್ನ ಬಳಸೋ ಕ್ಯಾನ್ಸರ್ ಲ್ಯಾಬಿನ ಹುಡುಗರಿಗೆ ಎರಡು ಬಗೆಯ ಟಿ ಸೆಲ್ ಕಥೆ ಗೊತ್ತೇ ಇರಲ್ಲ. ಎರಡೂ ದೊಡ್ಡ ಕೆಲಸವೇ. ಆದ್ರೆ ಒಂದು ಸೈಟೇಷನ್ ಅನ್ನೋದಕ್ಕೆ "ನಾನು ಈ ಪರೀಕ್ಷೆ ಮಾಡ್ದೆ" ಅನ್ನೋ ಅರ್ಥನೂ ಇದೆ, "ನನ್ನ ಯೋಚನೆ ಬದಲಾಯ್ತು" ಅನ್ನೋ ಅರ್ಥನೂ ಇದೆ, ಕೂಡಿಸಿ ಒಂದು ಮೊತ್ತ ಬರೆದಾಗ ಎರಡೂ ಕಲಸಿಹೋಗುತ್ತೆ.

ನನಗೆ ತುಂಬಾ ಹತ್ತಿರ ಅನ್ನಿಸೋದು ಸಕಾಗುಚಿ ಕಥೆ. ಎಪ್ಪತ್ತರ ದಶಕದಲ್ಲಿ, ಬೇರೆ ಇಮ್ಯೂನ್ ಸೆಲ್‌ಗಳನ್ನ ತಡೆಯುತ್ತೆ ಅಂತ ನಂಬಿದ್ದ ಸಪ್ರೆಸರ್ ಟಿ ಸೆಲ್ ಅಂದ್ರೆ ದೊಡ್ಡ ಭರಾಟೆ, ರಾಶಿ ರಾಶಿ ಪೇಪರ್, ರಾಶಿ ರಾಶಿ ಸೈಟೇಷನ್. ಎಂಬತ್ತರ ದಶಕದ ಮೊದಲಲ್ಲಿ ಡಿಎನ್ಎ ತೆಗೆದು ನೋಡಿದ್ರೆ ಆ ಸೆಲ್‌ಗಳ ಗುರುತು ಅಂತ ಎಲ್ಲರೂ ನಂಬಿದ್ದ ಐ-ಜೆ ಅನ್ನೋ ಅಣುವಿನ ಜೀನ್ ಇರ್ಬೇಕಾದ ಜಾಗದಲ್ಲಿ ಇರ್ಲೇ ಇಲ್ಲ. ಇಡೀ ವಿಷಯ ಕುಸಿದುಬಿತ್ತು, ಸಪ್ರೆಸರ್ ಅನ್ನೋ ಪದ ಬಾಯಲ್ಲಿ ತರೋಕೂ ಜನ ಹಿಂಜರಿಯೋ ಹಾಗಾಯ್ತು. ಅಂಥ ಹೊತ್ತಲ್ಲಿ ಶಿಮೋನ್ ಸಕಾಗುಚಿ ಆ ಪ್ರಶ್ನೆ ಬಿಡದೇ ಹಿಡ್ಕೊಂಡು 1995ರಲ್ಲಿ ಸಿಡಿ25 ಅನ್ನೋ ಪ್ರೋಟೀನ್ ಗುರುತಿರೋ ಟಿ ಸೆಲ್‌ಗಳನ್ನ ತೋರಿಸಿದ್ರು, ಇಮ್ಯೂನ್ ವ್ಯವಸ್ಥೆ ನಮ್ಮ ಮೈಮೇಲೇ ತಿರುಗಿ ಬೀಳದ ಹಾಗೆ ತಡೆಯೋ ಸೆಲ್‌ಗಳು. 2001ರಲ್ಲಿ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್, ಒಂದು ಬಯೋಟೆಕ್ ಕಂಪನಿಯಲ್ಲಿದ್ದೋರು, ಸ್ಕರ್ಫಿ ಅನ್ನೋ ಕಾಯಿಲೆ ಇಲಿಯಲ್ಲಿ ಕೆಟ್ಟಿರೋ ಜೀನ್ ಯಾವುದು ಅಂತ ಹುಡುಕಿ ಕೊಟ್ರು, ಈಗ ಅದನ್ನ ಫಾಕ್ಸ್‌ಪಿ3 ಅಂತೀವಿ, ಸಕಾಗುಚಿ ತೋರಿಸಿದ ಸೆಲ್‌ಗಳಿಗೆ ಬೇಕಾದ ಜೀನ್ ಅದೇ. 2025ರ ನೊಬೆಲ್ ಈ ಮೂವರಿಗೂ ಬಂತು. ಬ್ರಂಕೋ ದೊಡ್ಡ ಲ್ಯಾಬ್ ನಡೆಸೋ ಪ್ರೊಫೆಸರ್ ಅಲ್ಲ, ಒಂದು ಸಂಶೋಧನಾ ಸಂಸ್ಥೆಯಲ್ಲಿ ಪ್ರೋಗ್ರಾಂ ಮ್ಯಾನೇಜರ್. ಅವತ್ತು ಆ ಸುದ್ದಿ ಓದ್ದಾಗ ನಾನು ಸಾರ್ಟ್ ಮಾಡಿದ್ದ ಆ ಎಕ್ಸೆಲ್ ಶೀಟ್ ಜ್ಞಾಪಕಕ್ಕೆ ಬಂದಿರ್ಲಿಲ್ಲ. ಈಗ ಬರ್ತಾ ಇದೆ.

ಬರೀದೇ ಬಿಟ್ಟ ಪೇಪರ್

ಫಾರಂನಲ್ಲಿ ಹಾಕೋಕೆ ಆಗದೇ ಇರೋ ಒಂದು ಸಂಗತಿ ಇದೆ, ನನ್ನ ಪ್ರಕಾರ ಮೇಡಂ ಮಾಡಿದ ಅತಿ ದೊಡ್ಡ ಕೆಲಸಗಳಲ್ಲಿ ಅದೂ ಒಂದು. ಆಗ ನಾನು ಪಿಎಚ್‌ಡಿ ಎರಡನೇ ವರ್ಷ. ಮುದಿ ಇಲಿಗಳ ಸ್ಪ್ಲೀನ್‌ನಿಂದ ಸೆಲ್ ತೆಗೆದು, ಬಣ್ಣ ಅಂಟಿಸಿದ ಆಂಟಿಬಾಡಿ ಹಾಕಿ, ಸೆಲ್‌ಗಳನ್ನ ಒಂದೊಂದಾಗಿ ಅಳೆಯೋ ಫ್ಲೋ ಸೈಟೋಮೀಟರ್ ಅನ್ನೋ ಮೆಷಿನ್‌ನಲ್ಲಿ ಓಡಿಸ್ತಾ ಇದ್ದೆ. ಸ್ಕ್ರೀನ್ ಮೇಲೆ ಚುಕ್ಕಿಗಳ ಮೋಡದ ಥರ ಕಾಣುತ್ತೆ, ಒಂದೊಂದು ಚುಕ್ಕಿ ಒಂದೊಂದು ಸೆಲ್. ಒಂದು ದಿನ ಮೇಲಿನ ಬಲ ಮೂಲೆಯಲ್ಲಿ, ಯಾರೂ ನಿರೀಕ್ಷಿಸದ ಜಾಗದಲ್ಲಿ, ಪುಟ್ಟದೊಂದು ಗುಂಪು ಕಾಣಿಸ್ತು. ಒಟ್ಟಿಗೆ ಇರಬಾರದ ಎರಡು ಗುರುತು ಒಟ್ಟಿಗೆ ಇರೋ ಸೆಲ್‌ಗಳು. ಎಳೇ ಇಲಿಗಳಲ್ಲಿ ಹೆಚ್ಚು ಕಮ್ಮಿ ಇಲ್ಲವೇ ಇಲ್ಲ, ಮುದಿ ಇಲಿಗಳಲ್ಲಿ ಪ್ರತಿ ಸಲವೂ ಬರುತ್ತೆ. ಎಂಟು ತಿಂಗಳು ಅದನ್ನೇ ಮಾಡ್ದೆ. ಗ್ರಾಫ್ ಚೆನ್ನಾಗಿ ಬಂತು, ಪೇಪರಿಗೆ ಹೆಸರನ್ನೂ ಇಟ್ಟಾಗಿತ್ತು, ದೊಡ್ಡ ಜರ್ನಲ್‌ಗೆ ಕಳಿಸೋ ಮಾತು ನಡೀತಿತ್ತು.

ಒಂದು ಸಂಜೆ ಮೇಡಂ ನನ್ನ ಪಕ್ಕ ಸ್ಟೂಲ್ ಎಳ್ಕೊಂಡು ಕೂತ್ರು. ಪ್ಲಾಟನ್ನ ಸುಮಾರು ಹೊತ್ತು ನೋಡಿದ್ರು. "ಇವು ಬದುಕಿರೋ ಸೆಲ್ ಅಂತ ನಿನಗೆ ಹೇಗೆ ಗೊತ್ತು?" ಅಂದ್ರು. ಸೈಜ್ ನೋಡಿ ಗೇಟ್ ಹಾಕಿದೀನಿ ಮೇಡಂ ಅಂದೆ (ಗೇಟ್ ಅಂದ್ರೆ ಗೆರೆ ಎಳೆದು ಬೇಕಾದ ಚುಕ್ಕಿಗಳನ್ನ ಮಾತ್ರ ಆರಿಸ್ಕೊಳ್ಳೋದು). "ಡೈ ಹಾಕಿದ್ಯಾ?" ಇಲ್ಲ, ಸತ್ತ ಸೆಲ್ ಗುರುತಿಸೋ ಆ ಬಣ್ಣ ನಾನು ಹಾಕಿರ್ಲಿಲ್ಲ. ಸತ್ತ ಸೆಲ್‌ಗೆ ಆಂಟಿಬಾಡಿ ಸುಮ್ಸುಮ್ನೆ ಅಂಟ್ಕೊಳ್ಳುತ್ತೆ, ಯಾವ ಗುರುತೂ ಇಲ್ದಿದ್ರೂ ಇದ್ದ ಹಾಗೆ ಹೊಳೆಯುತ್ತೆ, ಇದು ಪುಸ್ತಕದಲ್ಲಿರೋ ವಿಷಯ, ನನಗೂ ಗೊತ್ತಿತ್ತು. "ನಾಳೆ ಒಂದು ಮುದಿ ಇಲಿ ಇದೆಯಲ್ಲ, ನಾನೂ ಬರ್ತೀನಿ, ಇಬ್ಬರೂ ಮಾಡೋಣ" ಅಂದ್ರು. ಮಾರನೇ ದಿನ ಸ್ಪ್ಲೀನ್ ಅರೆದು ಜಾಲರಿಯಲ್ಲಿ ಸೋಸಿದ್ದು ಅವರೇ, ಡೈ ಹಾಕಿದ್ದು ನಾನು. ರಾತ್ರಿ ಒಂಬತ್ತರ ಹೊತ್ತಿಗೆ ಸ್ಯಾಂಪಲ್ ಓಡ್ತು. ಸತ್ತ ಸೆಲ್‌ಗಳು ಒಂದು ಕಡೆ ಬಿದ್ವು, ಬದುಕಿರೋವು ಇನ್ನೊಂದು ಕಡೆ. ಮೇಡಂ ಸ್ಕ್ರೀನ್ ಮೇಲೆ ಬೆರಳಿಟ್ಟು, ಮೆತ್ತಗೆ, "ಅದನ್ನ ತೆಗಿ" ಅಂದ್ರು. ಸತ್ತವನ್ನ ಬಿಟ್ಟು ಬದುಕಿದ್ದವಕ್ಕೆ ಮಾತ್ರ ಗೇಟ್ ಎಳೆದೆ. ಮೇಲಿನ ಬಲ ಮೂಲೆ ಖಾಲಿ ಆಯ್ತು.

ನಾನು ಅತ್ತೆ. ಮೇಡಂ ಸಮಾಧಾನದ ಮಾತೇನೂ ಆಡ್ಲಿಲ್ಲ, ಮೆಷಿನ್ ತೊಳೆಯೋವರೆಗೂ ಪಕ್ಕದಲ್ಲೇ ಕೂತಿದ್ರು. ಮುದಿ ಇಲಿಯ ಸೆಲ್‌ಗಳು ತೆಗೆಯೋವಾಗ ಬೇಗ ಸಾಯ್ತಿದ್ವು, ಅದಕ್ಕೇ ಆ ಗುಂಪು ಮುದಿ ಇಲಿಗಳಲ್ಲಿ ಮಾತ್ರ ಕಾಣ್ತಿತ್ತು, ಅಷ್ಟೇ. ಆ ಪೇಪರ್ ಬಂದಿದ್ರೆ ಸೈಟೇಷನ್ ಚೆನ್ನಾಗಿ ಬೀಳ್ತಿತ್ತು ಅನ್ನೋದ್ರಲ್ಲಿ ನನಗೆ ಅನುಮಾನ ಇಲ್ಲ, ಹೊಸ ಸೆಲ್ ಅಂದ್ರೆ ಎಲ್ಲರೂ ಬೆನ್ನು ಹತ್ತುತಾರೆ. ಬೇರೆ ಲ್ಯಾಬಿನ ಎಷ್ಟು ಹುಡುಗ ಹುಡುಗಿಯರು ಆ ಖಾಲಿ ಮೂಲೆ ಹುಡುಕ್ತಾ ತಮ್ಮ ಎರಡನೇ ವರ್ಷ, ಮೂರನೇ ವರ್ಷ ಕಳೀತಿದ್ರು ಅಂತ ಲೆಕ್ಕ ಹಾಕೋಕೆ ಆಗಲ್ಲ. ಅವರಿಗೆ ಆ ವರ್ಷಗಳು ಉಳಿದಿದ್ದು ಮೇಡಂ ಕೇಳಿದ ಒಂದು ಪ್ರಶ್ನೆಯಿಂದ, ಅವರಿಗೆ ಅದು ಗೊತ್ತೂ ಇಲ್ಲ.

ಶುಕ್ರವಾರ ರಾತ್ರಿ

ಫಾರಂ ಅಂತೂ ತುಂಬ್ದೆ. "ಸಾಧನೆ ವಿವರಿಸಿ" ಅನ್ನೋ ಜಾಗದಲ್ಲಿ ರಿವ್ಯೂ ಬಗ್ಗೆ ಒಂದು ಸಾಲು ಬರೆದು, ಉಳಿದಿದ್ದನ್ನೆಲ್ಲ ಆರು ವರ್ಷದ ಇಲಿ ಪೇಪರಿಗೆ ಬಿಟ್ಟೆ. ಅದನ್ನ ಮತ್ತೆ ಮಾಡಿ ನೋಡಿದ ಗುಂಪಿನ ಬಗ್ಗೆನೂ ಬರೆದೆ. ಪೇಪರ್‌ಗಳ ಪಟ್ಟಿ ಸಮೇತ ಮೇಡಂಗೆ ಒಂದ್ಸಲ ನೋಡಿ ಅಂತ ಮೇಲ್ ಮಾಡ್ದೆ, ಶುಕ್ರವಾರ ರಾತ್ರಿ ಫೋನ್ ಬಂತು.

"ಪಟ್ಟಿಯಲ್ಲಿ ಮೂರು ಪೇಪರ್ ನಂದಲ್ಲ ಕಣೇ. ನನ್ನ ಹೆಸರು, ನನ್ನ ಇನಿಷಿಯಲ್, ಆದ್ರೆ ಅವರು ಕಿಡ್ನಿ ಕಸಿ ಮೇಲೆ ಕೆಲಸ ಮಾಡೋರು, ಬೇರೆ ಯಾರೋ. ಗೂಗಲ್‌ನೋರು ಸೇರಿಸಿಬಿಟ್ಟಿದ್ದಾರೆ. ಅದನ್ನ ತೆಗಿ."

ಮೂರಕ್ಕೂ ಒಳ್ಳೇ ಸೈಟೇಷನ್ ಇತ್ತು. ತೆಗೆದು ಮತ್ತೆ ಎಣಿಸ್ದೆ, 24 ಇದ್ದಿದ್ದು 22 ಆಯ್ತು. ಫೋನ್ ಹಿಡ್ಕೊಂಡೇ ಹೇಳ್ದೆ. ಸರಿ ಅಂದ್ರು. ಇನ್ನೇನಾದ್ರೂ ಇದೆಯಾ ಮೇಡಂ ಅಂದೆ.

"ಇಲಿ ಪೇಪರ್ ಬಗ್ಗೆ ಬರೆದಿದ್ಯಲ್ಲ, ಮುದಿ ಇಲಿಗಳ ಸೆಲ್ ತಡವಾಗಿ ಪ್ರತಿಕ್ರಿಯೆ ಕೊಡ್ತವೆ ಅಂತ ನಾವು ತೋರಿಸಿದ್ವಿ ಅಂತ. ಅವರು ಗಂಡಿಲಿಯಲ್ಲಿ ನೋಡಿದ್ರಲ್ಲ. ಹೆಣ್ಣಿಲಿಗಳಲ್ಲಿ ಅಂತ ಸೇರಿಸು."

ಸೇರಿಸ್ದೆ. ಪದಗಳ ಮಿತಿ ದಾಟ್ತು, ರಿವ್ಯೂ ಬಗ್ಗೆ ಇದ್ದ ಸಾಲನ್ನ ಅಳಿಸಿ ಕಳಿಸ್ದೆ.